ಮುಳ್ಳಿನ ಭಾರ

ನಾದವನ್ನೇ ಒಡಲಾಗಿ ಉಳ್ಳವನೆ, ಕಿವಿಯೆಂಬ ಕಿರುಬಾಗಿಲಿನಿಂದ ಒಳಬಂದು ಎದೆಯಲ್ಲಿ ನೆಲೆಸುವವನೆ, ಮಾತು ಮೊಳೆಯುವ ಮುನ್ನವೂ ಮಾತು ಮುಗಿದ ಮೇಲೂ ಇರುವವನೆ, ನಿನಗೆ ಶರಣು, ಇಂದಿನ ಕೆಲಸವನ್ನು ನೀನೇ ನಡೆಸಿಕೊಡು, ನನಗೆ ಬಲ ಸಾಲದು — ಗಾಜಿನ ಬಾಗಿಲಿಗೆ ತೂಗಿದ ಗಂಟೆ ಟಿಣ್ಣೆಂದಿತು, ನಾನು ಒಳಬಂದುದಕ್ಕೆ ಒಮ್ಮೆ, ಅಕ್ಕ ಒಳಬಂದುದಕ್ಕೆ ಇನ್ನೊಮ್ಮೆ, ಎರಡನೆಯ ಸಲ ಆಕೆ ಹೊಸ್ತಿಲಲ್ಲೇ ನಿಂತು ತಲೆಯನ್ನು ಓರೆಮಾಡಿ ಆ ಸದ್ದು ಕರಗುವವರೆಗೆ ಆಲಿಸಿದುದನ್ನು ಕಂಡೆ, ಎರಡು ತಿಂಗಳಿಂದ ಹೀಗೆಯೇ, ರೆಕಾರ್ಡಿನ ಹಾಡು ಮಂಕಾಗಿ ಕೇಳತೊಡಗಿದಂದಿನಿಂದ, ಲೋಟಕ್ಕೆ ಚಮಚ ತಾಗಿದರೆ ಆಲಿಸುತ್ತಾಳೆ, ಬೀಗದಲ್ಲಿ ಕೀಲಿ ತಿರುಗಿದರೆ ಆಲಿಸುತ್ತಾಳೆ, ತನ್ನ ಕಿವಿಯನ್ನು ತಾನೇ ಪರೀಕ್ಷೆಗೆ ಕೂರಿಸಿ ತಾನೇ ಅಂಕ ಕಡಿಮೆ ಕೊಡುತ್ತಾಳೆ, ಕಿವಿಯ ವೈದ್ಯರು ಎಪ್ಪತ್ತೈದಕ್ಕೆ ಇಷ್ಟಿದ್ದರೆ ಭಾಗ್ಯ ಎಂದು ಚೀಟಿ ಬರೆದುಕೊಟ್ಟರೂ ನಂಬಲಿಲ್ಲ, ಅವರು ಸಮಾಧಾನಕ್ಕೆ ಹೇಳ್ತಾರೆ ಕಣೋ, ಮುದುಕಿಗೆ ಯಾರು ನಿಜ ಹೇಳ್ತಾರೆ ಎಂದಳು — ನಾನು ಎದೆಗವಚಿಕೊಂಡಿದ್ದ ಹಳೆಯ ಟರ್ನ್‌ಟೇಬಲ್ಲನ್ನು ಮೇಜಿನ ಮೇಲಿಳಿಸಿದೆ, ಹೊದಿಕೆಯಲ್ಲಿ ಸುತ್ತಿ ತಂದದ್ದು, ಬಸ್ಸಿಳಿದು ಎರಡು ಬೀದಿ ನಡೆಯುವಷ್ಟರಲ್ಲಿ ಮೊಣಕೈಗಳು ಸೋತುಹೋಗಿದ್ದವು, ಅರವತ್ತಾರು ವರ್ಷದ ಮೊಣಕೈಗಳು, ಪುಸ್ತಕಕ್ಕಿಂತ ಭಾರವಾದದ್ದನ್ನು ಎತ್ತದೆ ಮುದಿಯಾದವು. ಇವತ್ತು ತೀರ್ಮಾನ ಆಗ್ಬೇಕು, ಎಂದಿದ್ದಳು ಬೆಳಗ್ಗೆ, ಮೆಷಿನ್ ಕೆಟ್ಟಿದೆಯಾ, ನಾನು ಕೆಟ್ಟಿದ್ದೀನಾ, ಮೆಷಿನ್ ಕೆಟ್ಟಿದ್ರೆ ರೆಕಾರ್ಡುಗಳನ್ನ ಚೆನ್ನಾಗಿ ಕಾಪಾಡೋಂಥ ಹೊಸದೊಂದು ತಗೊಳ್ಳೋಣ, ನಾನು ಕೆಟ್ಟಿದ್ರೆ ಯಾವ ಮೆಷಿನ್ನೂ ಬೇಡ — ಎಂದವಳು ಚೀಲದಲ್ಲಿಟ್ಟುಕೊಂಡದ್ದು ಎರಡು ವಸ್ತು, ತನಗೆ ಅತ್ಯಂತ ಪ್ರಿಯವಾದ ರೆಕಾರ್ಡು ಒಂದು, ಮಡಿಸಿದ ಕಾಗದ ಒಂದು, ಆ ಕಾಗದದಲ್ಲಿ ಏನಿದೆಯೆಂದು ನನಗೆ ಗೊತ್ತು, ಆರುನೂರು ರೆಕಾರ್ಡುಗಳನ್ನೂ ಕಾಲೇಜಿನ ಗ್ರಂಥಾಲಯಕ್ಕೆ ಒಪ್ಪಿಸುವ ಪತ್ರ, ರುಜುವೊಂದು ಬಾಕಿ.

ಬನ್ನಿ ಅಮ್ಮ, ಬನ್ನಿ ಮೇಷ್ಟ್ರೇ, ಎಂದ ಅಂಗಡಿಯವನು, ಭೂತಗನ್ನಡಿಯನ್ನು ಹಣೆಗೇರಿಸಿಕೊಂಡ ಐವತ್ತರ ಮನುಷ್ಯ, ಮಾರುವುದೂ ಅವನೇ ರಿಪೇರಿ ಮಾಡುವುದೂ ಅವನೇ, ಅಕ್ಕ ರೇಡಿಯೋದ ಧ್ವನಿಭಂಡಾರವನ್ನು ನೋಡಿಕೊಳ್ಳುತ್ತಿದ್ದ ಕಾಲದಿಂದ ಪರಿಚಯ, ಆಗ ಅಲ್ಲಿನ ಯಂತ್ರಗಳಿಗೆ ಎಣ್ಣೆ ಬಿಡಲು ಬರುತ್ತಿದ್ದನಂತೆ, ಅಮ್ಮ ಬಾಗಿಲಾಚೆ ನಿಂತೇ ಎಷ್ಟನೇ ಗೆರೇಲಿ ಮುಳ್ಳು ಎಡವಿತು ಅಂತ ಹೇಳ್ತಿದ್ರು ಮೇಷ್ಟ್ರೇ, ನಾವೆಲ್ಲ ನಡುಗ್ತಿದ್ವಿ — ಎಂದವನು ನಾಲಗೆ ಕಚ್ಚಿಕೊಂಡ, ಅಕ್ಕನ ಬಲಗೈ ಮೇಜಿನ ಅಂಚಿನಲ್ಲಿ ತನ್ನಷ್ಟಕ್ಕೆ ತಾನು ನಡುಗುತ್ತಿತ್ತು, ಆಕೆ ಅದನ್ನು ಎಡಗೈಯಿಂದ ಮುಚ್ಚಿದಳು, ನಾನು ಕಪಾಟಿನ ಕಡೆ ನೋಡಿದೆ, ನಮ್ಮ ಮನೆಯಲ್ಲಿ ಆ ಕೈಯ ವಿಷಯ ಮಾತಿಗೆ ಬರುವುದಿಲ್ಲ, ಎರಡು ವರ್ಷದಲ್ಲಿ ನಾನು ಒಮ್ಮೆಯೂ ಎತ್ತಿಲ್ಲ, ಚಹಾ ತುಳುಕಿದರೆ ಲೋಟ ತೀರ ತುಂಬಿತ್ತು ಎನ್ನುತ್ತೇನೆ, ಬರೆದ ಅಕ್ಷರ ಹರಿದಾಡಿದರೆ ಪೆನ್ನು ಸರಿಯಿಲ್ಲ ಎನ್ನುತ್ತೇನೆ, ಆಕೆಯೂ ಹೌದು ಎನ್ನುತ್ತಾಳೆ, ಹೀಗೆ ಲೋಟಗಳೂ ಪೆನ್ನುಗಳೂ ನಮ್ಮಿಬ್ಬರ ಪರವಾಗಿ ಅಪರಾಧ ಹೊತ್ತುಕೊಂಡಿವೆ. ಇದು ಆಗಬಹುದಲ್ಲ, ಎಂದೆ ಮಾತು ಬದಲಿಸಲು, ಸೂಟ್‌ಕೇಸಿನಂತೆ ಮಡಚಬಹುದಾದ ನೀಲಿಬಣ್ಣದ ಪುಟ್ಟದೊಂದನ್ನು ತೋರಿಸಿ, ಅಯ್ಯೋ ಬೇಡ ಮೇಷ್ಟ್ರೇ, ನೋಡೋಕೆ ಮುದ್ದಾಗಿದೆ, ಆದ್ರೆ ರೆಕಾರ್ಡಿನ ಮೇಲೆ ನೇಗಿಲು ಹೂಡಿದ ಹಾಗೆ ಉಳುತ್ತೆ, ಮತ್ಯಾಕಪ್ಪಾ ಮಾರ್ತೀಯ ಎಂದಳು ಅಕ್ಕ, ರೆಕಾರ್ಡ್ ಇಲ್ಲದೋರಿಗೆ ಅಮ್ಮ, ಷೋಕೇಸಲ್ಲಿ ಇಡೋಕೆ — ಅಕ್ಕ ನಕ್ಕಳು, ಬಹುದಿನದ ಮೇಲೆ ನಕ್ಕಳು, ಆ ನಗುವಿನ ಬೆಳಕಿನಲ್ಲಿ ಆತ ಇನ್ನೆರಡನ್ನು ಇಳಿಸಿದ, ಒಂದು, ಮುಳ್ಳು ಹೊರುವ ತೋಳು ತೆಳ್ಳಗೆ ನೀಳವಾಗಿರುವುದು, ಎಲ್ಲವನ್ನೂ ಕೈಯಿಂದಲೇ ಮಾಡಬೇಕು, ತಪಸ್ಸಿನಂಥ ಯಂತ್ರ, ಇನ್ನೊಂದರ ತೋಳಿನ ಪಕ್ಕದಲ್ಲಿ ಗಟ್ಟಿ ಎಣ್ಣೆಯೊಳಗೆ ಜಾರುವ ಪುಟ್ಟ ಹಿಡಿ, ಹಿಡಿಯನ್ನು ಎಷ್ಟೇ ರಭಸದಿಂದ ಒತ್ತಿದರೂ ಮುಳ್ಳು ಮಾತ್ರ ಹಕ್ಕಿಯ ಗರಿ ನೆಲಕ್ಕಿಳಿಯುವಂತೆ ಇಳಿಯುತ್ತದೆ, ಹಾಡು ಮುಗಿದಾಗ ತಾನೇ ಏಳುತ್ತದೆ, ಮುಳ್ಳಿನ ಭಾರವನ್ನು ಕಾರ್ಖಾನೆಯಲ್ಲೇ ನಿಲ್ಲಿಸಿ ಮುದ್ರೆ ಹಾಕಿದ್ದಾರೆ, ಅದನ್ನು ತಿರುಗಿಸಲು ಬರುವುದಿಲ್ಲ. ತಿರುಗಿಸಲು ಬರುವುದಿಲ್ಲ ಎಂಬ ಮಾತಿಗೆ ನಾನು ನಮ್ಮ ಹಳೆಯ ಯಂತ್ರದ ಕಡೆ ನೋಡಿದೆ, ಏಕೆಂದು ಆಗ ಪೂರ್ತಿ ತಿಳಿಯಲಿಲ್ಲ, ಅಥವಾ ತಿಳಿದಿತ್ತೋ, ಮನಸ್ಸು ತನಗೆ ಬೇಡವಾದುದನ್ನು ತಿಳಿಯದಿರುವುದರಲ್ಲಿ ಎಂಥ ವಿದ್ವಾಂಸ. ಮೊದಲು ಹಳೇದನ್ನ ಒಂದ್ಸಲ ನೋಡಿಬಿಡ್ತೀನಿ, ಅಮ್ಮ ನೀವು ಇಲ್ಲೇ ಕೂತ್ಕೊಳ್ಳಿ, ಮೇಷ್ಟ್ರೇ ಸ್ವಲ್ಪ ಹಿಡ್ಕೊಳ್ಳಿ — ಎಂದು ಆತ ಮುಂದಾದ, ಅಕ್ಕನ ಚೀಲದಿಂದ ರೆಕಾರ್ಡನ್ನೂ ಕೇಳಿ ಪಡೆದ, ನಾವಿಬ್ಬರೂ ಪರದೆಯಾಚೆಯ ಕೆಲಸದ ಮೇಜಿಗೆ ಹೋದೆವು.

ಅಲ್ಲಿ ಬೆಸುಗೆಯ ವಾಸನೆ, ಗೋಡೆಯ ತುಂಬ ಕೊಕ್ಕೆಗೆ ತೂಗುಹಾಕಿದ ರಬ್ಬರ್ ಪಟ್ಟಿಗಳು, ಆತ ಬೆರಳುದ್ದದ ತಕ್ಕಡಿಯೊಂದನ್ನು ತಟ್ಟೆಯ ಮೇಲಿಟ್ಟು ಅದರ ಮೇಲೆ ಮುಳ್ಳನ್ನು ಇಳಿಸಿದ, ಸಂಖ್ಯೆ ನೋಡಿದ, ತಕ್ಕಡಿಯನ್ನು ಒರೆಸಿ ಮತ್ತೆ ಇಳಿಸಿದ, ಮೇಷ್ಟ್ರೇ ಇದೇನಿದು, ನಾಲ್ಕೂಮುಕ್ಕಾಲು ಗ್ರಾಂ ತೋರಿಸ್ತಿದೆ, ಇರಬೇಕಾದ್ದು ಒಂದೂಮುಕ್ಕಾಲು, ತೋಳಿನ ಹಿಂತುದೀಲಿರೋ ಭಾರದ ಬಿಲ್ಲೆ ಮೇಲಿನ ಅಂಕಿ ನೋಡಿದ್ರೆ ಒಂದೂಮುಕ್ಕಾಲೇ ಇದೆ, ಯಾರೋ ಪೂರ್ತಿ ಒಂದು ಸುತ್ತು ತಿರುಗಿಸಿದ್ದಾರೆ, ಒಂದು ಸುತ್ತು ತಿರುಗಿಸಿದ್ರೆ ಅಂಕಿ ಮತ್ತೆ ಅದೇ ಜಾಗಕ್ಕೆ ಬರುತ್ತೆ, ಭಾರ ಮಾತ್ರ ಮೂರು ಗ್ರಾಂ ಏರಿರುತ್ತೆ, ನೋಡಿದೋರಿಗೆ ಗೊತ್ತೇ ಆಗಲ್ಲ — ಗೊತ್ತಾಗದಿರಲೆಂದೇ, ಗೊತ್ತಾಗದಿರಲೆಂದೇ ಅಲ್ಲವೆ ನಾನು ಪೂರ್ತಿ ಸುತ್ತು ತಿರುಗಿಸಿದ್ದು, ಐದು ತಿಂಗಳ ಹಿಂದೆ, ಅಕ್ಕ ಸ್ನಾನಕ್ಕೆ ಹೋಗಿದ್ದಾಗ, ಬಾಗಿಲಿಗೆ ಬೆನ್ನು ಕೊಟ್ಟು. ದಿನವೂ ಬೆಳಗ್ಗೆ ನಾನು ಪಕ್ಕದ ಕೋಣೆಯಲ್ಲಿ ಹಳೆಯ ಕಾವ್ಯವೊಂದನ್ನು ಬಿಡಿಸಿಕೊಂಡು ಕೂತಿರುವೆ, ಗೋಡೆಯಾಚೆ ಅಕ್ಕ ಮುಳ್ಳನ್ನು ಇಳಿಸುವಳು, ಕೈ ನಡುಗುವುದು, ಮುಳ್ಳು ಪುಟಿದು ಗೆರೆಗಳ ಮೇಲೆ ಅಡ್ಡಡ್ಡ ಜಾರುವುದು, ಬಟ್ಟೆ ಸೀಳಿದಂಥ ಆ ಸದ್ದು, ಅದಾದ ಮೇಲೆ ಆಕೆಯ ಮೌನ, ಸದ್ದಿಗಿಂತ ಆ ಮೌನವನ್ನೇ ನನಗೆ ಸಹಿಸಲಾಗುತ್ತಿರಲಿಲ್ಲ, ಆ ಮೌನದೊಳಗೆ ಆಕೆ ತನ್ನ ಕೈಯನ್ನೇ ನೋಡುತ್ತ ಕುಳಿತಿರುವಳೆಂದು ನೋಡದೆಯೂ ಬಲ್ಲೆ, ತಾಯಿಯಿಲ್ಲದ ನನಗೆ ಅಕ್ಷರ ತೀಡಿಸಿದ ಕೈ, ನನ್ನ ಮುಷ್ಟಿಯ ಮೇಲೆ ಮುಷ್ಟಿಯಿಟ್ಟು ಬಳಪ ನಡೆಸಿದ ಕೈ — ಆಗ ಹೊಳೆಯಿತು, ಮುಳ್ಳು ಹಗುರವಾದುದರಿಂದಲ್ಲವೆ ಪುಟಿಯುವುದು, ಭಾರವಾಗಿದ್ದರೆ ಬಿದ್ದಲ್ಲೇ ನಿಲ್ಲುವುದು, ತರ್ಕ ಎಷ್ಟು ಸೊಗಸಾಗಿತ್ತು, ಹೇತು, ದೃಷ್ಟಾಂತ, ನಿಗಮನ, ಎಲ್ಲ ಸರಿಯಾಗಿತ್ತು, ಮಾರನೆಯ ಬೆಳಗ್ಗೆ ಮುಳ್ಳು ಬಿದ್ದಲ್ಲೇ ನಿಂತಿತು, ಸೀಳುಸದ್ದಿಲ್ಲ, ಹಾಡು ಶುರುವಾಯಿತು, ಗೋಡೆಯಾಚೆಯಿಂದ ಅಕ್ಕ ಕೂಗಿದಳು, ಲೋ ಪಂಡಿತ, ಇವತ್ತು ಒಂದೇ ಸಲಕ್ಕೆ ಕೂತಿತು ಕಣೋ, ನನ್ನ ಕೈ ಸುಧಾರಿಸ್ತಿದೆ ಅಂತ ಕಾಣುತ್ತೆ — ಎರಡು ವರ್ಷದಲ್ಲಿ ಆಕೆಯೇ ಕೈಯ ಮಾತೆತ್ತಿದ್ದು ಅದೊಂದೇ ಸಲ, ನಾನು ಪುಸ್ತಕದಲ್ಲಿ ಮುಖವಿಟ್ಟು ಅತ್ತೆ, ಧನ್ಯನಾದೆನೆಂದು ಅತ್ತೆ. ಮೇಷ್ಟ್ರೇ, ಕೇಳಿಸ್ತಾ, ದಿನಾ ಮುಳ್ಳು ಒರೆಸ್ತಿದ್ದೋರು ಯಾರು, ತುದೀಲಿ ಕಪ್ಪಗೆ ಏನಾದ್ರೂ ಸಿಕ್ತಿತ್ತಾ — ನಾನೇ ಒರೆಸುತ್ತಿದ್ದೆ, ಸಣ್ಣ ಕುಂಚದಿಂದ, ಸಿಗುತ್ತಿತ್ತು, ಕೂದಲಿಗಿಂತ ಸಣ್ಣದಾದ ಕಪ್ಪು ಎಳೆ, ಸುರುಳಿ ಸುತ್ತಿಕೊಂಡದ್ದು, ಧೂಳೆಂದುಕೊಂಡು ಉಫ್ ಎಂದು ಊದಿಬಿಡುತ್ತಿದ್ದೆ, ಧೂಳಲ್ಲ ಮೇಷ್ಟ್ರೇ ಅದು, ರೆಕಾರ್ಡು, ಗೆರೆಯ ಗೋಡೆ ಹೆರೆದು ಬಂದಿದ್ದು, ಸಣ್ಣ ಸ್ವರಗಳೆಲ್ಲ ಆ ಗೋಡೆ ಮೇಲೇ ಇರೋದು, ನೋಡಿ — ಭೂತಗನ್ನಡಿಯನ್ನು ನನ್ನ ಕಣ್ಣಿಗಿಟ್ಟ, ಅಕ್ಕನ ರೆಕಾರ್ಡಿನ ಮೇಲೆ ಗೆರೆಗಳೆಲ್ಲ ಕಪ್ಪು ಹೊಳಪು ಕಳೆದು ಬೂದಿ ಬಣ್ಣಕ್ಕೆ ತಿರುಗಿದ್ದವು, ಇದನ್ನ ಇನ್ನು ಯಾವ ಮೆಷಿನ್ ಮೇಲೆ ಹಾಕಿದ್ರೂ ಮಂಕೇ. ಹಾಗಾದರೆ ಅಕ್ಕನ ಕಿವಿ, ಎಂದೆ, ಅಮ್ಮನ ಕಿವಿಗೇನು ಧಾಡಿ, ಎಂದು ಆತ ದನಿ ತಗ್ಗಿಸಿದ, ಮಂಕಾಗಿದೆ ಅಂತ ಕಂಡುಹಿಡಿದಿದ್ದೇ ಆ ಕಿವಿ ಅಲ್ವಾ ಮೇಷ್ಟ್ರೇ. ಕಪ್ಪು ಎಳೆ, ಉಫ್.

ಪರದೆಯಾಚೆಯಿಂದ ಅಕ್ಕ, ಏನ್ರಪ್ಪಾ, ಒಳಗೆ ಮೆಷಿನ್ನಿಗೆ ಅಂತ್ಯಕ್ರಿಯೆ ನಡೀತಿದೆಯಾ, ನನ್ನನ್ನೂ ಕರೀರಿ — ನಾವು ಹೊರಬಂದೆವು, ಅಂಗಡಿಯವನು ಒಂದು ಮಾತೂ ಆಡಲಿಲ್ಲ, ಒಮ್ಮೆ ನನ್ನ ಮುಖ ನೋಡಿದ, ಅಷ್ಟೆ, ಪರಿಚಯಸ್ಥನ ದಯೆ ಎಷ್ಟು ಭಾರವಾಗಿರಬಲ್ಲದು, ಎಣ್ಣೆಹಿಡಿಯ ಹೊಸ ಯಂತ್ರದ ಮೇಲೆ ಆಕೆಯ ರೆಕಾರ್ಡನ್ನು ಹರಡಿದ, ಅಮ್ಮ ನೀವೇ ಇಳಿಸಿ ಎಂದ, ಅಕ್ಕ ಹಿಡಿಯನ್ನೊತ್ತಿದಳು, ಕೈ ನಡುಗಿತು, ಮುಳ್ಳು ನಡುಗಲಿಲ್ಲ, ಅದು ತನ್ನ ಪಾಡಿಗೆ ನಿಧಾನವಾಗಿ ಇಳಿದು ಗೆರೆಯನ್ನು ಮುಟ್ಟಿತು, ಆ ಇಳಿತವನ್ನು ನೋಡಿ ಅಕ್ಕನ ಹುಬ್ಬು ಏರಿತು, ಆಹಾ ಎಂದಳು, ಹಾಡು ಬಂತು — ಆ ಗಾಯಕಿಯ ದನಿ, ಮೂವತ್ತು ವರ್ಷದಿಂದ ನಮ್ಮ ಮನೆಯ ಬೆಳಗು, ದನಿ ಬಂತು, ಕಂಬಳಿಯೊಳಗಿಂದ ಬಂದಂತೆ ಬಂತು, ಸಕಾರ ಬಂದಲ್ಲೆಲ್ಲ ಹರಿದ ಕಾಗದದಂತೆ ಸೀಳಿತು, ವಯೊಲಿನ್ನಿನ ಮೇಲುಸ್ಥಾಯಿ ಇರಬೇಕಾದಲ್ಲಿ ಬರಿಯ ಒಂದು ನೆರಳು, ಅಕ್ಕ ಕಣ್ಣು ಮುಚ್ಚಿ ಆಲಿಸುತ್ತಿದ್ದಾಳೆ, ಮೊದಲ ಚರಣ, ಎರಡನೆಯ ಚರಣ, ನನಗೆ ಗೊತ್ತು ಏನು ಹೇಳುವಳೆಂದು, ಹೇಳದಿರಲಿ ಎಂದು ಬೇಡುತ್ತಿದ್ದೇನೆ, ಆಕೆ ಕಣ್ಣು ತೆರೆದಳು, ನಿಲ್ಲಿಸಪ್ಪ, ಎಂದಳು, ಇದೂ ಹಾಗೇ ಇದೆ. ಹೊಸ ಮುಳ್ಳು, ಹೊಸ ಮೆಷಿನ್, ಇನ್ನೇನು ಸಾಕ್ಷಿ ಬೇಕು. ನಾನೇ. ಸರಿ. ಅಷ್ಟೇ ತಾನೆ. ಎಪ್ಪತ್ತೈದಾಯ್ತು, ಇನ್ನೆಷ್ಟು ಕೇಳ್ತೀನಿ, ಕೇಳಿದ್ದೇ ಬೇಕಾದಷ್ಟಾಯ್ತು — ಎನ್ನುತ್ತ ಚೀಲದಿಂದ ಆ ಕಾಗದವನ್ನು ತೆಗೆದಳು, ಪೆನ್ನಿದ್ರೆ ಕೊಡಪ್ಪ, ಸರಿಯಾಗಿ ಬರೆಯೋಂಥದ್ದು ಕೊಡು, ನಮ್ಮನೆ ಪೆನ್ನು ಒಂದೂ ಸರಿ ಇಲ್ಲ ಅಂತಾನೆ ಇವನು.

ಸುಮ್ಮನಿರಬಹುದು. ಎರಡು ಗಳಿಗೆ ಸುಮ್ಮನಿದ್ದರೆ ಸಾಕು, ಆಕೆ ರುಜು ಹಾಕುವಳು, ಆರುನೂರು ರೆಕಾರ್ಡುಗಳು ಗ್ರಂಥಾಲಯಕ್ಕೆ ಹೋಗುವವು, ಅಲ್ಲಿ ಯಾರೂ ಅವುಗಳ ಗೆರೆಗಳನ್ನು ಭೂತಗನ್ನಡಿಯಿಂದ ನೋಡರು, ಅಂಗಡಿಯವನು ತುಟಿ ಬಿಚ್ಚುವವನಲ್ಲ, ಮನೆಯಲ್ಲಿ ಬೆಳಗ್ಗೆ ಸದ್ದಿರದು, ನಾನು ಕಾವ್ಯ ಬಿಡಿಸಿಕೊಂಡು ಕೂತಿರುವೆ, ಆಕೆ ಗೋಡೆಯಾಚೆ ಕಿವುಡಿಯೆಂದು ನಂಬಿ ಕೂತಿರುವಳು, ಸರಿಯಾಗಿರುವ ಕಿವಿಗಳನ್ನು ಇಟ್ಟುಕೊಂಡು ಕಿವುಡಿ, ಮತ್ತು ನಾನು ಆಕೆಯ ಕಣ್ಣಿಗೆ ಹಿಂದಿನಂತೆಯೇ ಉಳಿಯುವೆ, ಪ್ರೀತಿಯ ತಮ್ಮ, ಹೊದಿಕೆಯಲ್ಲಿ ಸುತ್ತಿ ಯಂತ್ರ ಹೊತ್ತು ತಂದವನು — ಅದು ಸಾಧ್ಯ, ಅದು ಸುಲಭ, ದಣಿದವನಿಗೆ ಸುಲಭವಾದುದೇ ಧರ್ಮದಂತೆ ಕಾಣುತ್ತದೆ, ದಯೆಯಿಂದ ಹೇಳಿದ ಸುಳ್ಳು ಸತ್ಯಕ್ಕೆ ಸಮವೆಂದು ನಾನೇ ಎಷ್ಟು ತರಗತಿಗಳಲ್ಲಿ ವ್ಯಾಖ್ಯಾನ ಮಾಡಿಲ್ಲ, ಮಕ್ಕಳು ಬರೆದುಕೊಂಡರು — ಪೆನ್ನು ಆಕೆಯ ಬೆರಳಲ್ಲಿ ನಡುಗುತ್ತ ಕಾಗದವನ್ನು ಮುಟ್ಟಿತು, ಚುಕ್ಕೆಯೊಂದು ಬಿತ್ತು, ಅಕ್ಕ ತಡಿ ಎಂದದ್ದು ನನ್ನ ದನಿಯೇ, ಏನೋ ಎಂದಳು, ತಡಿ, ಒಂದ್ ನಿಮಿಷ — ಅಂಗಡಿಯವನತ್ತ ತಿರುಗಿದೆ, ನಿಮ್ಮ ಹತ್ತಿರ ಯಾರೂ ಹಾಕದೇ ಇರೋ ರೆಕಾರ್ಡ್ ಇದೆಯಾ, ಇನ್ನೂ ಹೊದಿಕೆ ಬಿಚ್ಚದೇ ಇರೋದು, ಆತ ಅದಾಗಲೇ ಕಪಾಟಿನ ಬಳಿಗೆ ನಡೆದಿದ್ದ, ನಾನು ಕೇಳುವೆನೆಂದು ಕಾದಿದ್ದನೇನೋ, ಹೊದಿಕೆ ಹರಿದು, ಅಂಚನ್ನಷ್ಟೇ ಅಂಗೈಗಳಿಂದ ಹಿಡಿದು ತಟ್ಟೆಯ ಮೇಲಿಟ್ಟ, ತಾನೇ ಹಿಡಿಯನ್ನೊತ್ತಿದ — ಎರಡು ಕ್ಷಣ ಮೌನ, ಆ ಮೌನವೂ ಹೊಚ್ಚಹೊಸದು, ಅನಂತರ ವಯೊಲಿನ್ನು, ತಂತಿಯ ಮೇಲೆ ಕಮಾನು ಹಿಡಿದು ತುಸು ತಡವರಿಸಿ ಆಮೇಲೆ ಹರಿದದ್ದು, ಅದರಾಚೆ ವಾದಕ ಉಸಿರೆಳೆದುಕೊಂಡದ್ದು, ಇನ್ನೂ ಆಚೆ, ಬಹಳ ಆಚೆ, ಆ ಕೋಣೆಯಲ್ಲಿ ಯಾರೋ ಕುರ್ಚಿಯ ಮೇಲೆ ಮೈ ಸರಿಸಿದ್ದು. ಅಕ್ಕನ ತಲೆ ಓರೆಯಾಯಿತು. ಕುರ್ಚಿ, ಎಂದಳು. ಕಿರುಗುಟ್ಟಿತಲ್ಲ, ಮರದ ಕುರ್ಚಿ, ಬಲಗಡೆ. ಹೌದಮ್ಮ ಎಂದ ಅಂಗಡಿಯವನು, ಇಷ್ಟು ವರ್ಷದಲ್ಲಿ ಒಬ್ಬರೂ ಅದನ್ನ ಹಿಡಿದಿರ್ಲಿಲ್ಲ. ಆಕೆಯ ಮುಖ ಬೆಳಗಿ, ಬೆಳಗಿದ ಮುಖದ ಮೇಲೆಯೇ ಪ್ರಶ್ನೆ ಮೂಡಿ, ಹಾಗಾದ್ರೆ ನನ್ನ ರೆಕಾರ್ಡಿಗೆ ಏನಾಗಿದೆಯೋ, ಎಂದು ನನ್ನ ಕಡೆ ತಿರುಗಿದಳು, ಅಂಗಡಿಯವನ ಕಡೆಗಲ್ಲ, ನೇರ ನನ್ನ ಕಡೆಗೆ, ಧ್ವನಿಭಂಡಾರದಲ್ಲಿ ತಪ್ಪಿತಸ್ಥನನ್ನು ಆಕೆ ಹೀಗೆಯೇ ಹುಡುಕುತ್ತಿದ್ದಿರಬೇಕು.

ನಾನು ತಿರುಗಿಸಿದೆ ಅಕ್ಕ. ಹಿಂದಿನ ಭಾರ. ಒಂದು ಸುತ್ತು. ಯಾವಾಗ. ಐದು ತಿಂಗಳಾಯ್ತು. ಯಾಕೆ. ನನ್ನ ಶಬ್ದಭಂಡಾರವೆಲ್ಲ ಎಲ್ಲಿ ಹೋಯಿತೋ, ಮುಳ್ಳು ಜಾರಬಾರದು ಅಂತ, ಎಂದೆ, ನಿನ್ನ ಕೈ — ಆ ಶಬ್ದವನ್ನು ಎರಡು ವರ್ಷದಲ್ಲಿ ಮೊದಲ ಬಾರಿಗೆ ಹೇಳಿದೆ, ಹೇಳಿದ ಮೇಲೆ ಅದು ಅಂಗಡಿಯ ನಡುವೆ ನಿಂತುಬಿಟ್ಟಿತು. ಅಕ್ಕ ತನ್ನ ಬಲಗೈಯನ್ನು ಮೇಜಿನ ಮೇಲೆ ಬಿಚ್ಚಿಟ್ಟಳು, ಎಡಗೈಯಿಂದ ಮುಚ್ಚಲಿಲ್ಲ, ಅದು ಎಲ್ಲರೆದುರು ನಡುಗಿತು, ನನ್ನನ್ನ ಕೇಳ್ಬಾರ್ದಿತ್ತೇನೋ ಪಂಡಿತ, ಎಂದಳು, ಕೇಳಿದ್ರೆ ನಿಂಗೆ ಬೇಜಾರಾಗುತ್ತೆ ಅಂತ, ಎಂದೆ, ನಡುಗೋ ಕೈ ನಂದು, ನಂಗೇ ಗೊತ್ತಿಲ್ಲ ಅಂದ್ಕೊಂಡ್ಯಾ, ನಿಂಗೆ ಬೇಜಾರಾಗುತ್ತೆ ಅಂತ ನಾನು ಸುಮ್ನಿದ್ದೆ, ನಂಗೆ ಬೇಜಾರಾಗುತ್ತೆ ಅಂತ ನೀನು ಸುಮ್ನಿದ್ದೆ, ನಡುವೆ ಪಾಪ ಅದೇನು ಮಾಡಿತ್ತೋ — ಎಂದು ರೆಕಾರ್ಡನ್ನು ನೋಡಿದಳು, ಬೈಯಲಿಲ್ಲ, ಬೈದಿದ್ದರೆ ತಲೆಬಾಗಿ ನಿಲ್ಲುತ್ತಿದ್ದೆ, ಅದಕ್ಕೆ ಸಿದ್ಧನಾಗಿದ್ದೆ, ಆಕೆ ಕಾಗದವನ್ನು ನಾಲ್ಕಾಗಿ ಹರಿದು ಅಂಗಡಿಯವನ ಕಸದ ಬುಟ್ಟಿಗೆ ಹಾಕಿದಳು, ಒಂದು ಚೂರು ಹೊರಗೆ ಬಿತ್ತು, ಬಗ್ಗಿ ಎತ್ತಿ ಹಾಕಿದಳು, ಆಮೇಲೆ ಅಂಗಡಿಯವನಿಗೆ, ನೋಡಪ್ಪ, ನನ್ನ ಕೈ ನಡುಗುತ್ತೆ, ಇವನ ಕೈ ಸುಮ್ನಿರಲ್ಲ, ಇಬ್ಬರಿಂದಲೂ ರೆಕಾರ್ಡನ್ನ ಕಾಪಾಡೋ ಮೆಷಿನ್ನು ಯಾವುದು, ಅದನ್ನ ಕೊಡು. ಮುದ್ರೆ ಹಾಕಿದ್ದು ಇದೇ ಅಮ್ಮ, ಮೇಷ್ಟ್ರು ವೇದ ಮಂತ್ರ ಹೇಳಿದ್ರೂ ತಿರುಗಲ್ಲ. ಹೇಳ್ತಾನೆ, ಇವನು ಅದನ್ನೂ ಹೇಳಿ ನೋಡ್ತಾನೆ — ಎಂದಳು ಅಕ್ಕ, ನಗದೆ ಎಂದಳು, ಅಂಗಡಿಯವನೊಬ್ಬನೇ ನಕ್ಕ, ನಕ್ಕು ಪೆಟ್ಟಿಗೆ ಕಟ್ಟಲು ಒಳಗೆ ಹೋದ.

ನಾವಿಬ್ಬರೇ. ಬೀದಿಯಲ್ಲಿ ಬಿಸಿಲು ಏರುತ್ತಿದೆ, ಗಾಜಿನ ಬಾಗಿಲಾಚೆ ಯಾರೋ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದಾರೆ, ಒಳಗೆ ಅಂಟುಪಟ್ಟಿ ಹರಿಯುವ ಸದ್ದು, ಅಕ್ಕ ನನ್ನನ್ನು ನೋಡುತ್ತಿಲ್ಲ, ಮಡಿಲಲ್ಲಿ ಕೈಯಿಟ್ಟುಕೊಂಡು ತುಟಿ ಅಲುಗಿಸುತ್ತಿದ್ದಾಳೆ, ಪ್ರಾರ್ಥನೆಯೇನೋ ಎಂದುಕೊಂಡೆ, ಅಲ್ಲ, ಎಣಿಸುತ್ತಿದ್ದಾಳೆ, ಈ ಐದು ತಿಂಗಳಲ್ಲಿ ಯಾವ ಯಾವ ರೆಕಾರ್ಡು ಹಾಕಿದ್ದೆನೆಂದು ಒಂದೊಂದೇ ಬೆರಳು ಮಡಿಸುತ್ತ ಎಣಿಸುತ್ತಿದ್ದಾಳೆ, ಎರಡು ಕೊಳಲಿಂದು, ಎಂದಳು ತನಗೆ ತಾನೇ, ಕೆಂಪು ಹೊದಿಕೆದು, ಆ ಕುರುಡ ವಾದಕನದು, ಅದನ್ನ ನಾಲ್ಕು ಸಲ, ಐದು ಸಲ ಹಾಕಿದ್ನಲ್ಲ, ಮಡಿಸಿದ ಬೆರಳು ನಡುಗಿ ಬಿಚ್ಚಿಕೊಳ್ಳುತ್ತದೆ, ಆಕೆ ಮತ್ತೆ ಮಡಿಸುತ್ತಾಳೆ, ಎರಡು ಕೈಗಳ ಬೆರಳುಗಳೂ ಮುಗಿದವು, ಮೊದಲಿನಿಂದ ಮತ್ತೊಂದು ಸುತ್ತು, ಅಕ್ಕ ಸಾಕು ಎನ್ನಬೇಕು, ಎನ್ನಲಾರೆ, ಯಾವ ಅಧಿಕಾರದಿಂದ ಎನ್ನಲಿ, ಪ್ರತಿ ಬೆರಳಿಗೂ ಒಂದು ಬೆಳಗ್ಗೆ, ಪ್ರತಿ ಬೆಳಗ್ಗೆಗೂ ಮುಳ್ಳಿನ ತುದಿಯಲ್ಲಿ ಕಪ್ಪು ಎಳೆ, ಎರಡು ಕೊಳಲಿನ ಮಾರನೆಯ ದಿನ ಊದಿದ್ದು ಯಾವ ಸ್ವರವೋ, ಕುರುಡ ವಾದಕನ ಯಾವ ತುದಿಬೆರಳಿನ ಮಿಡಿತವೋ, ಆ ಗಾಯಕಿಯ ಯಾವ ಉಸಿರೋ, ನನ್ನ ಉಸಿರಿನಿಂದ ಅದನ್ನು ಊದುತ್ತಿದ್ದೆ, ಕಿಟಕಿಯ ಕಡೆಗೆ, ಬೆಳಕಿನಲ್ಲಿ ಒಂದು ಕ್ಷಣ ತೇಲುತ್ತಿತ್ತು, ಚೆಲುವಾಗಿಯೇ ಇತ್ತು — ಹದಿನೇಳು, ಎಂದಳು ಅಕ್ಕ — ತೇಲಿ, ಸುರುಳಿ ಬಿಚ್ಚಿಕೊಂಡು — ಹದಿನೆಂಟು — ಕಪ್ಪು ಎಳೆ, ಕೂದಲಿಗಿಂತ ಸಣ್ಣದು, ನನ್ನ ತುಟಿಯೆದುರು, ಕಪ್ಪು ಎಳೆ.

ಇದನ್ನು ಕೇಳಿದವರೆಲ್ಲರ ಕಿವಿಗಳಿಗೆ ದೀರ್ಘಾಯುಸ್ಸಿರಲಿ, ಅವರನ್ನು ಪ್ರೀತಿಸುವವರ ಕೈಗಳು ಹಗುರವಾಗಿರಲಿ, ಎಲ್ಲರಿಗೂ ಒಳಿತಾಗಲಿ.